ಪಂಪ್ ಹೌಸ್ ಪೆಟ್ಟಿಗೆಗೆ ಟಿಸಿಪಿಡಂಪ್ ಕಟ್ಟಿದ ಕಥೆ

ಡ್ರಿಪ್ ಆಟೋಮೇಷನ್ ಪೆಟ್ಟಿಗೆ ಹಾಕಿಸಿರೋರು ಇದನ್ನ ಪೂರ್ತಿ ಓದಿ. ಸ್ವಲ್ಪ ಉದ್ದ ಇದೆ, ಕಂಪ್ಯೂಟರ್ ಮಾತೂ ಜಾಸ್ತಿ ಇದೆ. ನಾನು ಎಸ್ಸೆಸ್ಸೆಲ್ಸಿ ಪಾಸು ಅಷ್ಟೇ. ನನಗೆ ಅರ್ಥ ಆಗಿದ್ದು ನಿಮಗೂ ಆಗುತ್ತೆ.

ನಮ್ಮದು ಹಿರಿಯೂರು ಕಡೆ ಮೂರು ಎಕರೆ ದಾಳಿಂಬೆ, ಭಗವಾ ತಳಿ. ತ್ರೀ ಫೇಸ್ ಕರೆಂಟ್ ಬಹುಪಾಲು ರಾತ್ರಿಯೇ ಬರೋದು. ನಡುರಾತ್ರಿ ಎದ್ದು ಹೋಗಿ ವಾಲ್ವ್ ತಿರುಗಿಸೋದು ತಪ್ಪಲಿ ಅಂತ ಎರಡು ವರ್ಷದ ಹಿಂದೆ ಪಂಪ್ ಹೌಸಲ್ಲಿ ಒಂದು ಪೆಟ್ಟಿಗೆ ಕೂರಿಸಿದೆ. ಒಳಗೆ ಇರೋದು ಒಂದು ಸಣ್ಣ ರೌಟರ್, ಒಂದು ಸಿಮ್, ವಾಲ್ವ್‌ಗಳಿಗೆ ಹೋಗೋ ವೈರು. ವಾಲ್ವ್ ತೆಗಿ ಅನ್ನೋ ಆಜ್ಞೆ ಕಂಪನಿಯ ಸರ್ವರ್‌ನಿಂದ ಸಿಮ್ ಮೂಲಕ ಬರಬೇಕು. ಈ ಬೇಸಿಗೆ, ಕಾಯಿ ದಪ್ಪ ಆಗೋ ಹೊತ್ತಿಗೆ ಸರಿಯಾಗಿ, ರಾತ್ರಿ ವಾಲ್ವ್ ತೆರೆಯೋದು ತಪ್ಪೋಕೆ ಶುರುವಾಯ್ತು. ಎರಡು ದಿನ ಬೇರು ಒಣಗಿ ಮೂರನೇ ದಿನ ಒಮ್ಮೆಲೇ ನೀರು ಕುಡಿದರೆ ದಾಳಿಂಬೆ ಬಿರಿಯುತ್ತೆ. ಬಿರಿದ ಕಾಯಿನ ವ್ಯಾಪಾರಿ ಕೈಯಲ್ಲೂ ಮುಟ್ಟಲ್ಲ, ಜ್ಯೂಸಿನವರು ಕೇಳಿದ ಬೆಲೆಗೆ ಕೊಡಬೇಕು.

ಕಂಪನಿಗೆ ಫೋನ್ ಮಾಡಿದಾಗಲೆಲ್ಲ ಒಂದೇ ಉತ್ತರ: "ನಿಮ್ಮ ಕಡೆ ಸಿಗ್ನಲ್ ವೀಕ್ ಇದೆ ಸಾರ್." ಸಿಗ್ನಲ್ ನಮ್ಮಲ್ಲಿ ಅಷ್ಟಕ್ಕಷ್ಟೇ, ಒಪ್ಪಿದೆ. ಆದರೆ ದಿನಕ್ಕೆ 1.5 ಜಿಬಿ ಇರೋ ಸಿಮ್ ಸಾಯಂಕಾಲದೊಳಗೆ ಖಾಲಿ ಆಗ್ತಿತ್ತು. ವಾಲ್ವ್ ತೆಗಿ ಅನ್ನೋ ಮಾತು ಒಂದು ಮೆಸೇಜಿನಷ್ಟು ಇರಬಹುದು. ಉಳಿದದ್ದನ್ನ ತಿಂತಿರೋರು ಯಾರು? ಇದಕ್ಕೆ ಅವರ ಹತ್ರ ಉತ್ತರ ಇರಲಿಲ್ಲ.

ಆಗ ರಜಕ್ಕೆ ಬಂದವನು ನನ್ನ ತಂಗಿ ಮಗ, ಎಲೆಕ್ಟ್ರಾನಿಕ್ಸ್ ಇಂಜಿನಿಯರಿಂಗ್ ಓದ್ತಿದ್ದಾನೆ. "ಮಾವ, ಆ ಪೆಟ್ಟಿಗೆ ಒಳಗೇ ಟಿಸಿಪಿಡಂಪ್ ಕೂರಿಸಿದರೆ ಯಾರು ತಿಂತಿದ್ದಾರೆ ಅಂತ ಗೊತ್ತಾಗುತ್ತೆ" ಅಂದ. ಇದು ಹಳೇ ಪ್ರೋಗ್ರಾಂ. 1988ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ವ್ಯಾನ್ ಜೇಕಬ್ಸನ್, ಕ್ರೇಗ್ ಲೆರೆಸ್, ಸ್ಟೀವನ್ ಮೆಕ್ಯಾನ್ ಅನ್ನೋ ಮೂವರು ಬರೆದದ್ದು, ಇವತ್ತಿಗೂ ಪುಕ್ಕಟೆ ಸಿಗುತ್ತೆ. ಎಪಿಎಂಸಿ ಗೇಟಲ್ಲಿ ಲಾರಿ ನಂಬರ್, ಎಲ್ಲಿಂದ ಎಲ್ಲಿಗೆ, ತೂಕ ಎಷ್ಟು ಅಂತ ಬರ್ಕೊಳ್ಳೋರು ಇರ್ತಾರಲ್ಲ, ಅದೇ ಕೆಲಸ. ಲಾರಿ ತಡೆಯೋದಿಲ್ಲ, ಬರ್ಕೊಂಡು ಬಿಟ್ಟುಬಿಡುತ್ತೆ. ಗೇಟಲ್ಲಿ ಹೋಗೋ ಲಾರಿನ ಕಣ್ಣಿಗೆ ಕಾಣಿಸೋ ಹಾಗೆ ಮಾಡೋದು ಅದರ ಜೊತೆಗಾರ, ಲಿಬ್‌ಪಿಕ್ಯಾಪ್ ಅನ್ನೋ ಲೈಬ್ರರಿ. ಎರಡೂ ಬೇಕು.

ಅವನ ಲ್ಯಾಪ್‌ಟಾಪಲ್ಲಿ ಅದು ಮೊದಲೇ ಇತ್ತು. "ಹಂಗಾದ್ರೆ ಪೆನ್ ಡ್ರೈವಲ್ಲಿ ಕಾಪಿ ಮಾಡಿ ಹಾಕೋ" ಅಂದೆ. ನಕ್ಕ. ಲ್ಯಾಪ್‌ಟಾಪಿನ ಚಿಪ್ ಇಂಟೆಲ್ ಜಾತಿ, ರೌಟರ್ ಚಿಪ್ ಮಿಪ್ಸ್ ಜಾತಿ. ಇದರ ಭಾಷೆ ಅದಕ್ಕೆ ತಿಳಿಯಲ್ಲ. ಹಾಗಂತ ರೌಟರ್ ಒಳಗೇ ಕೂತು ತಯಾರು ಮಾಡೋಕೆ ಜಾಗ ಇಲ್ಲ. ಅದರ ಫ್ಲ್ಯಾಶ್ 8 ಎಂಬಿ, ರ‍್ಯಾಮ್ 64 ಎಂಬಿ. ಕಂಪೈಲರ್ ಒಂದೇ ಅದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಅದಕ್ಕೇ ದೊಡ್ಡ ಯಂತ್ರದಲ್ಲಿ ಕೂತು, ಸಣ್ಣ ಯಂತ್ರದ ಭಾಷೆಯಲ್ಲಿ ಪ್ರೋಗ್ರಾಂ ತಯಾರು ಮಾಡಬೇಕು. ಇದಕ್ಕೆ ಕ್ರಾಸ್ ಕಂಪೈಲ್ ಅಂತಾರೆ. ನಾವು ನರ್ಸರಿಯಲ್ಲಿ ಸಸಿ ಮಾಡಿಸಿ ನಮ್ಮ ಹೊಲಕ್ಕೆ ತಂದು ನೆಡ್ತೀವಲ್ಲ, ಹಾಗೆ ಅಂತ ತಿಳ್ಕೊಳ್ಳಿ. ನರ್ಸರಿಯವನಿಗೆ ನಮ್ಮ ಮಣ್ಣು ಯಾವುದು ಅಂತ ಗೊತ್ತಿರಬೇಕು. ಅಳಿಯನ ನಾಲ್ಕು ದಿನ ಹೋಗಿದ್ದು ಮಣ್ಣು ಗುರುತು ಹಿಡಿಯೋದರಲ್ಲೇ.

ಪೆಟ್ಟಿಗೆ ಪಾಸ್‌ವರ್ಡ್ ಬಿಲ್ಲಿನ ಜೊತೆ ಕೊಟ್ಟ ಹಾಳೆಯಲ್ಲೇ ಇತ್ತು. ಒಳಗೆ ಹೋಗಿ ನೋಡಿದರೆ ಓಪನ್‌ವರ್ಟ್, ಅದೂ 15.05 ಅನ್ನೋ ಹಳೇ ಆವೃತ್ತಿ, ಕಂಪನಿಯವರು ತಮಗೆ ಬೇಕಾದ ಹಾಗೆ ತಿದ್ದಿದ್ದು. (ಓಪನ್‌ವರ್ಟ್ ಹುಟ್ಟಿದ್ದೂ ಒಂದು ಕಥೆ. 2003ರಲ್ಲಿ ಲಿಂಕ್‌ಸಿಸ್ ಕಂಪನಿ ತನ್ನ ರೌಟರ್‌ನಲ್ಲಿ ಲಿನಕ್ಸ್ ಬಳಸಿದ್ದು ಗೊತ್ತಾಗಿ, ಜನ ಜಿಪಿಎಲ್ ಲೈಸೆನ್ಸ್ ಪ್ರಕಾರ ಸೋರ್ಸ್ ಕೊಡಿ ಅಂತ ಕೇಳಿ ಪಡೆದರು. ಮುಂದಿನ ವರ್ಷ ಆ ಸೋರ್ಸಿನಿಂದ ಇದು ಶುರುವಾಯ್ತು.) ಆ ಕಾಲದ ರೆಡಿಮೇಡ್ ಟಿಸಿಪಿಡಂಪ್ ಹುಡುಕಿದರೆ ಸಿಗುತ್ತೆ, ಆದರೆ ಹಾಕಬಾರದು ಅಂದ. 2017ರಲ್ಲಿ ಬಂದ 4.9.2ರಲ್ಲಿ ಅದರ ತೂತುಗಳನ್ನ ರಾಶಿಗಟ್ಟಲೆ ಮುಚ್ಚಿದ್ದಾರೆ. ಕಾವಲಿಗೆ ಇಟ್ಟವನ ಕೋಣೆ ಬಾಗಿಲೇ ತೆರೆದಿರಬಾರದಲ್ಲ. ಹೊಸ ಸೋರ್ಸ್ ತಗೊಂಡು ಹಳೇ ಮಣ್ಣಿಗೆ ಕಟ್ಟಬೇಕು.

ಮೊದಲ ಸಲ ಕಟ್ಟಿದ್ದನ್ನ ಪೆಟ್ಟಿಗೆ ಓದಲೇ ಇಲ್ಲ. ಮಿಪ್ಸ್‌ನಲ್ಲೇ ಎರಡು ಪಂಗಡ ಇದೆಯಂತೆ. ಒಂದು ಸಂಖ್ಯೆಯ ದೊಡ್ಡ ತುದಿ ಮೊದಲು ಇಡುತ್ತೆ, ಇನ್ನೊಂದು ಸಣ್ಣ ತುದಿ ಮೊದಲು. ನೀನು ಯಾರು ಅಂತ ಪೆಟ್ಟಿಗೆನ ಕೇಳಿದರೆ ಎರಡೂ ಬರೀ 'ಮಿಪ್ಸ್' ಅಂತಲೇ ಹೇಳ್ತವೆ. ನಮ್ಮದು ಸಣ್ಣ ತುದಿಯದು.

ಎರಡನೇ ಸಲದ್ದು ಇನ್ನೂ ವಿಚಿತ್ರ. ಫೈಲ್ ಕಣ್ಣೆದುರೇ ಇದೆ, ಓಡಿಸಿದರೆ 'ನಾಟ್ ಫೌಂಡ್' ಅಂತದೆ. ಪಟ್ಟಿ ತೆಗೆದರೆ ಹೆಸರು ಇದೆ, ಸೈಜ್ ಇದೆ. ಓಡಿಸು, ನಾಟ್ ಫೌಂಡ್. ಅವನು ಒಂದು ರಾತ್ರಿ ಪೂರ್ತಿ ಇದರ ಹಿಂದೆ ಬಿದ್ದ. ಬೆಳಿಗ್ಗೆ ಕಾಫಿ ಕುಡೀತಾ ಹೇಳ್ದ: "ಮಾವ, ಅದು ಟಿಸಿಪಿಡಂಪ್ ಇಲ್ಲ ಅಂತಿಲ್ಲ. ಟಿಸಿಪಿಡಂಪ್‌ನ ಎತ್ತಿ ನಿಲ್ಲಿಸೋನು ಇಲ್ಲ ಅಂತಿದೆ." ಪ್ರತಿ ಪ್ರೋಗ್ರಾಂ ತಾನು ಏಳೋಕೆ ಮುಂಚೆ ಲೋಡರ್ ಅನ್ನೋದನ್ನ ಹೆಸರು ಹಿಡಿದು ಕರೆಯುತ್ತೆ. ಇವನು ಹೊಸ ಎಸ್‌ಡಿಕೆ ಇಂದ ಕಟ್ಟಿದ್ದ, ಅದರ ಸಿ ಲೈಬ್ರರಿ ಮಸಲ್. ಪೆಟ್ಟಿಗೆಯಲ್ಲಿ ಇದ್ದದ್ದು ಹಳೇ ಯೂಸಿಲಿಬ್‌ಸಿ. ಮಸಲ್ ಲೋಡರ್‌ನ ಕರೆದರೆ ಆ ಮನೇಲಿ ಆ ಹೆಸರಿನವರು ಯಾರೂ ಇಲ್ಲ. 15.05ರದ್ದೇ ಎಸ್‌ಡಿಕೆ ಹುಡುಕಿ ತಂದ ಮೇಲೆ ದಾರಿ ಸಿಕ್ಕಿತು. ಅಲ್ಲೂ ಲಿಬ್‌ಪಿಕ್ಯಾಪ್ ಒಂದು ತಕರಾರು ತೆಗೀತು. ಇಲ್ಲಿ ಕಟ್ಟಿ ಬೇರೆ ಕಡೆ ಓಡಿಸ್ತೀಯ ಅಂದ್ರೆ ಆ ಯಂತ್ರ ಪ್ಯಾಕೆಟ್ ಹೇಗೆ ಹಿಡಿಯುತ್ತೆ ಅಂತ ನಾನು ಪರೀಕ್ಷೆ ಮಾಡೋಕಾಗಲ್ಲ, ನೀನೇ ಹೇಳು ಅಂತು. ಲಿನಕ್ಸ್ ಅಂತ ಇವನೇ ಬರೆದು ಹೇಳಿದ.

ಕಟ್ಟಿದ್ದು 3 ಎಂಬಿ ದಾಟಿತ್ತು, ಪೆಟ್ಟಿಗೆಯಲ್ಲಿ ಉಳಿದ ಜಾಗ 2 ಎಂಬಿಗೂ ಕಮ್ಮಿ. ಸ್ಟ್ರಿಪ್ ಅಂತ ಒಂದಿದೆ, ಮೆಕ್ಕೆಜೋಳದ ಸಿಪ್ಪೆ ಸುಲಿದ ಹಾಗೆ, ಓಡೋಕೆ ಬೇಡವಾದ ಗುರುತು ಹೆಸರನ್ನೆಲ್ಲ ತೆಗೆದುಹಾಕುತ್ತೆ. 1 ಎಂಬಿ ಚಿಲ್ಲರೆಗೆ ಇಳೀತು.

ಓಡ್ತು. ನಾನು ಕೆಲಸ ಮುಗೀತು ಅಂದುಕೊಂಡು ತೋಟಕ್ಕೆ ಹೊರಟೆ. ಸಾಯಂಕಾಲ ಕರೆಂಟ್ ಹೋಗಿ ಬಂತು, ಪ್ರೋಗ್ರಾಂ ಮಾಯ. ಪ್ರಯೋಗಕ್ಕೆ ಅಂತ ಅದನ್ನ ಟೆಂಪ್ ಫೋಲ್ಡರಲ್ಲಿ ಇಟ್ಟಿದ್ದ, ಅದು ಇರೋದೇ ರ‍್ಯಾಮ್‌ನಲ್ಲಿ. ನಮ್ಮೂರಲ್ಲಿ ಕರೆಂಟ್ ದಿನಕ್ಕೆ ಎಷ್ಟು ಸಲ ಹೋಗುತ್ತೆ ಅಂತ ನಾನು ಹೇಳಬೇಕಾ? ಪ್ರತಿ ಸಲ ಅವನೇ ಬಂದು ಹಾಕೋಕಾಗುತ್ತಾ? ಪ್ಯಾಕೇಜ್ ಯಾಕೆ ಬೇಕು ಅಂತ ನನಗೆ ಸರಿಯಾಗಿ ಅರ್ಥ ಆಗಿದ್ದು ಆಗಲೇ. ಓಪನ್‌ವರ್ಟ್‌ನ ಪ್ಯಾಕೇಜ್ ಫೈಲ್‌ಗೆ ಐಪಿಕೆ ಅಂತಾರೆ. ಅದು ಗಂಟು ಕಟ್ಟಿದ ಬುತ್ತಿ ಇದ್ದ ಹಾಗೆ. ಒಂದು ಗಂಟಲ್ಲಿ ಪ್ರೋಗ್ರಾಂ, ಇನ್ನೊಂದರಲ್ಲಿ ಚೀಟಿ: ಹೆಸರು, ಆವೃತ್ತಿ, ಯಾವ ಜಾತಿ ಚಿಪ್‌ಗೆ, ಜೊತೆಗೆ ಏನೇನು ಬೇಕು. ಒಪಿಕೆಜಿ ಅನ್ನೋದು ಆ ಚೀಟಿ ಓದಿ, ಜಾತಿ ಹೊಂದದಿದ್ದರೆ ಒಳಗೇ ಬಿಡಲ್ಲ. ಹೊಂದಿದರೆ ಫ್ಲ್ಯಾಶಲ್ಲಿ ಕೂರಿಸುತ್ತೆ, ಕರೆಂಟ್ ಹೋದರೂ ಇರುತ್ತೆ. ಪೆಟ್ಟಿಗೆ ಶುರುವಾದಾಗ ತಾನಾಗೇ ಏಳೋ ಸ್ಕ್ರಿಪ್ಟನ್ನೂ ಅದರಲ್ಲೇ ಸೇರಿಸಿದ. ಪ್ರತಿ ಪ್ಯಾಕೆಟ್‌ನ ಮೊದಲ 128 ಬೈಟ್ ಮಾತ್ರ ಬರ್ಕೊಳ್ಳೋದು, 20 ಎಂಬಿಯ ಹತ್ತು ಫೈಲ್ ಪೆನ್ ಡ್ರೈವಲ್ಲಿ, ತುಂಬಿದರೆ ಹಳೇದರ ಮೇಲೇ ಬರೆಯೋದು. ಆ ಪೆಟ್ಟಿಗೆ ಗಡಿಯಾರಕ್ಕೆ ಸೆಲ್ ಇಲ್ಲ, ಕರೆಂಟ್ ಬಂದ ತಕ್ಷಣ ಹಳೇ ತಾರೀಖು ತೋರಿಸುತ್ತೆ. ಅದಕ್ಕೆ ಇಂಟರ್ನೆಟ್ಟಿಂದ ಟೈಮ್ ಸರಿ ಆಗೋವರೆಗೂ ಕಾದು ಆಮೇಲೆ ಬರೆಯೋಕೆ ಶುರು ಮಾಡೋ ಹಾಗೆ ಮಾಡ್ದ. ತಾರೀಖು ತಪ್ಪಿದ್ದರೆ ಕಂಪನಿಯವರು ಮೊದಲು ಅದನ್ನೇ ಹಿಡ್ಕೋತಿದ್ದರು.

ಮೂರು ದಿನ ಬಿಟ್ಟು ಫೈಲ್‌ಗಳನ್ನ ಲ್ಯಾಪ್‌ಟಾಪಲ್ಲಿ ವೈರ್‌ಶಾರ್ಕ್‌ನಿಂದ ತೆರೆದ. ಅರ್ಧ ಗಂಟೆ ಸಾಕಾಯ್ತು. ಹೆಚ್ಚುಕಮ್ಮಿ ಡೇಟಾ ಎಲ್ಲಾ ಒಂದೇ ವಿಳಾಸದಿಂದ ಬರ್ತಿತ್ತು, ಅದು ಕಂಪನಿಯದೇ ಅಪ್‌ಡೇಟ್ ಸರ್ವರ್. ಒಳಗಿನ ಮಾತು ಗೂಢಲಿಪಿಯಲ್ಲಿ ಇರುತ್ತೆ, ಓದೋಕಾಗಲ್ಲ. ಆದರೆ ಯಾರ ಜೊತೆ, ಎಷ್ಟು ಹೊತ್ತಿಗೆ, ಎಷ್ಟು ಅನ್ನೋದು ಸಾಕಲ್ಲ. ಪೆಟ್ಟಿಗೆ ಒಂದು ದೊಡ್ಡ ಫೈಲ್ ಇಳಿಸೋಕೆ ಹೋಗುತ್ತೆ, ನಮ್ಮ ಸಿಗ್ನಲ್‌ಗೆ ಅರ್ಧಕ್ಕೆ ಕಡಿಯುತ್ತೆ, ಬಿಟ್ಟ ಕಡೆಯಿಂದ ಹಿಡಿಯೋದು ಬಿಟ್ಟು ಮತ್ತೆ ಮೊದಲಿಂದ. ಬೆಳಿಗ್ಗೆಯಿಂದ ಸಾಯಂಕಾಲದವರೆಗೆ ಇದೇ. 1.5 ಜಿಬಿ ಮುಗಿದು ಸ್ಪೀಡ್ 64 ಕೆಬಿಪಿಎಸ್‌ಗೆ ಇಳಿದ ಮೇಲೂ ಬಿಡಲ್ಲ. ಆ ಸಣ್ಣ ಕಾಲುವೇಲಿ ಅಪ್‌ಡೇಟ್ ತುಂಬಿಕೊಂಡು, ವಾಲ್ವ್ ಆಜ್ಞೆ ಹಿಂದೆ ಕ್ಯೂನಲ್ಲಿ ನಿಂತು ಹೊತ್ತು ಮೀರಿಹೋಗ್ತಿತ್ತು.

ಫೈಲ್ ಕಳಿಸಿದೆ. ಎರಡನೇ ದಿನವೇ ಕಂಪನಿಯ ಇಂಜಿನಿಯರ್ ಫೋನ್ ಮಾಡ್ದ, ಈ ಸಲ ಸಿಗ್ನಲ್ ಮಾತೇ ಬರಲಿಲ್ಲ. ನಮ್ಮ ಪೆಟ್ಟಿಗೆಗೆ ಅಪ್‌ಡೇಟ್ ನಿಲ್ಲಿಸಿದರು. ಅವತ್ತಿಂದ ವಾಲ್ವ್ ಒಂದು ರಾತ್ರಿಯೂ ತಪ್ಪಿಲ್ಲ. ಬಿರಿದ ಕಾಯಿಗೆ ಪರಿಹಾರ ಕೇಳಿದ್ದಕ್ಕೆ ಮೇಲಿನವರನ್ನ ಕೇಳ್ತೀನಿ ಅಂದ, ಇನ್ನೂ ಕೇಳ್ತಾನೇ ಇದ್ದಾನೆ. ಒಂದು ಟನ್ನಿನ ಮೇಲೆ ಜ್ಯೂಸಿಗೆ ಹೋಯ್ತು.

ಪಕ್ಕದ ಊರಲ್ಲಿ ಇದೇ ಮಾಡೆಲ್ ಇಬ್ಬರ ಹತ್ರ ಇತ್ತು. ಪೆನ್ ಡ್ರೈವ್ ಹಿಡ್ಕೊಂಡು ನಾನೇ ಹೋಗಿ ಪ್ಯಾಕೇಜ್ ಹಾಕಿಬಂದೆ, ಅಳಿಯ ಬರಲೇ ಇಲ್ಲ. ಒಂದು ಆಜ್ಞೆ, ಎರಡು ನಿಮಿಷ. ಒಬ್ಬರಲ್ಲಿ ಇದೇ ಕಾಯಿಲೆ. ಇನ್ನೊಬ್ಬರ ಮನೆ ಹುಡುಗರು ಪೆಟ್ಟಿಗೆ ವೈಫೈ ಹಿಡಿದು ವಿಡಿಯೋ ನೋಡ್ತಿದ್ದರು. ಅವರು ಏನು ನೋಡ್ತಿದ್ದರು ಅಂತ ನಾನು ಕೆದಕಲಿಲ್ಲ, ನೀವೂ ಕೆದಕಬೇಡಿ. ಈ ಸಾಧನ ಸ್ವಂತ ಪೆಟ್ಟಿಗೆಗೆ ಮಾತ್ರ, ಇನ್ನೊಬ್ಬರದಕ್ಕೆ ಅವರು ಒಪ್ಪಿದರೆ ಮಾತ್ರ.

ಬೇಕಾದವರು ಮೊದಲು ಪೆಟ್ಟಿಗೆ ಒಳಗೆ ಹೋಗಿ ಇಟಿಸಿ ಫೋಲ್ಡರಲ್ಲಿರೋ ಓಪನ್‌ವರ್ಟ್ ರಿಲೀಸ್ ಫೈಲಿನ ಫೋಟೋ ತೆಗೆದು ಕಳಿಸಿ. ಆವೃತ್ತಿ ಮತ್ತು ಚಿಪ್ ನಮ್ಮದೇ ಆಗಿದ್ದರೆ ಈ ಪ್ಯಾಕೇಜ್ ನಡೆಯುತ್ತೆ. ಬೇರೆ ಆದರೆ ಮತ್ತೆ ಕಟ್ಟಬೇಕು, ಅದಕ್ಕೆ ಅಳಿಯನ ಪರೀಕ್ಷೆ ಮುಗಿಯೋವರೆಗೂ ಕಾಯ್ಬೇಕು.