ನೀರಿಲ್ಲದ ಹೊಳೆಯ ಆನೆಗಳು

ನಮೀಬಿಯಾದ ವಾಯವ್ಯಕ್ಕಿರುವ ಡಮರಾಲ್ಯಾಂಡ್ ಪೂರಾ ಕಲ್ಲಿನ ಸೀಮೆ. ಟ್ವೈಫೆಲ್‌ಫಾಂಟೇನ್ ಕಡೆಗೆ ಜಲ್ಲಿ ರಸ್ತೆ ಹಿಡಿದು ಹೊರಟರೆ ಎತ್ತ ನೋಡಿದರೂ ಕೆಂಪು ಮರಳುಗಲ್ಲಿನ ಬೆಟ್ಟಗಳು, ಬುಡದಲ್ಲಿ ಉರುಳಿಬಿದ್ದ ಬಂಡೆಗಳು. ಇಲ್ಲಿ ವರ್ಷಕ್ಕೆ 150 ಮಿಲಿಮೀಟರ್ ಮಳೆಯೂ ಬೀಳುವುದಿಲ್ಲ. ನಾವು ಇಳಿದುಕೊಂಡ ಲಾಡ್ಜ್ ಇಂಥ ಬಂಡೆಗಳ ಸಂದಿಯಲ್ಲೇ ಇತ್ತು. ಕಲ್ಲಿನ ಗೋಡೆ, ಹುಲ್ಲಿನ ಸೂರು. ಹಗಲೆಲ್ಲ ಕಾದ ಬಂಡೆ ರಾತ್ರಿ ಊಟದ ಹೊತ್ತಿಗೂ ಬೆಚ್ಚಗೇ ಇರುತ್ತಿತ್ತು.

ಬೆಳಕು ಹರಿಯುವ ಮುನ್ನ ಜೀಪು ಹುಆಬ್ ನದಿಗೆ ಇಳಿಯಿತು. ನದಿ ಎಂದರೆ ಬರೀ ಮರಳು. ಮಳೆ ಬಂದ ಕೆಲವು ದಿನ ಮಾತ್ರ ಹರಿವು. ಕಬಿನಿ ಹಿನ್ನೀರಿನಲ್ಲಿ ಮೀಯುವ ಆನೆಗಳನ್ನು ಕಂಡವರಿಗೆ ಇಲ್ಲಿ ಆನೆ ಬದುಕುತ್ತದೆಂದರೆ ನಂಬಿಕೆ ಬರುವುದಿಲ್ಲ. ತಿರುವಿನಲ್ಲಿ ಒಂದು ಹೆಣ್ಣಾನೆ ಮುಂಗಾಲಿನಿಂದ ಮರಳು ಕೆರೆಯುತ್ತ, ಸೊಂಡಿಲಿನಿಂದ ತೆಗೆದು ಹಾಕುತ್ತ ಒರತೆ ತೋಡುತ್ತಿತ್ತು. ನೀರು ಜಿನುಗುವವರೆಗೆ ಕಾಯಿತು, ಹೀರಿತು, ಆಮೇಲೆ ಮರಿಗೆ ಜಾಗ ಬಿಟ್ಟಿತು. ಅವು ಹೋದ ಮೇಲೆ ಅದೇ ಗುಂಡಿ ಬೇರೆ ಪ್ರಾಣಿಗಳಿಗೂ ಆಸರೆ. ದಡದ ಆನಾ ಮರಗಳಿಂದ ಉದುರುವ ಸುರುಳಿ ಸುರುಳಿ ಕಾಯಿಗಳು ಒಣಗಾಲದಲ್ಲಿ ಇವುಗಳ ಮೇವು. ಇವು ಬೇರೆ ಜಾತಿಯ ಆನೆಗಳಲ್ಲ, ಆಫ್ರಿಕಾದ ಬಯಲಾನೆಗಳೇ. ಎಲ್ಲಿ ನೀರಿದೆ ಎಂಬ ಅರಿವನ್ನು ಹಿರಿಯ ಹೆಣ್ಣಾನೆಗಳು ಕಿರಿಯವಕ್ಕೆ ದಾಟಿಸುತ್ತವೆ.

ಬಿಸಿಲೇರುವ ಮೊದಲೇ ಟ್ವೈಫೆಲ್‌ಫಾಂಟೇನ್ ಬೆಟ್ಟದ ಶಿಲಾಚಿತ್ರಗಳಿಗೆ ಹೋದೆವು. ಬೇಟೆಯಾಡಿ ಬದುಕುತ್ತಿದ್ದ ಸ್ಯಾನ್ ಜನ ಸಾವಿರಾರು ವರ್ಷ ಹಿಂದೆ ಬಂಡೆಗೆ ಕೊರೆದ ಜಿರಾಫೆ, ಖಡ್ಗಮೃಗ, ಉಷ್ಟ್ರಪಕ್ಷಿಗಳು. ಒಂದು ಸಿಂಹದ ಪ್ರತಿ ಪಂಜಕ್ಕೂ ಮನುಷ್ಯನಂತೆ ಐದು ಬೆರಳು: ಮನುಷ್ಯ ಸಿಂಹವಾಗುವ ಕ್ಷಣ ಅದು ಎನ್ನುತ್ತಾರೆ ತಿಳಿದವರು. 2007ರಲ್ಲಿ ಯುನೆಸ್ಕೋ ಈ ಜಾಗವನ್ನು ವಿಶ್ವ ಪರಂಪರೆಯ ತಾಣವಾಗಿಸಿತು.

ಬರ ಮತ್ತು ಕಳ್ಳಬೇಟೆಯಿಂದ 1980ರ ಸುಮಾರಿಗೆ ಇಲ್ಲಿನ ಆನೆ, ಕಪ್ಪು ಖಡ್ಗಮೃಗಗಳು ತೀರಾ ವಿರಳವಾಗಿದ್ದವು. ಆಗ ಹಳ್ಳಿಯ ಮುಖಂಡರೇ ತಮ್ಮವರನ್ನು ಕಾವಲಿಗೆ ನೇಮಿಸಿದರು. 1996ರ ಕಾನೂನು ಹಳ್ಳಿಗರ ಸಂರಕ್ಷಣಾ ಸಂಘಗಳಿಗೆ ವನ್ಯಜೀವಿಗಳ ಮೇಲೆ ಹಕ್ಕು ಕೊಟ್ಟಿತು, ಪ್ರವಾಸೋದ್ಯಮದ ಆದಾಯವೂ ಅವರಿಗೆ ಸಿಗುವಂತಾಯಿತು. ಆದರೂ ಬಾಳ್ವೆ ಸುಲಭವಲ್ಲ. ಬಾಯಾರಿದ ಆನೆ ಪೈಪು ಕೀಳುತ್ತದೆ, ತೊಟ್ಟಿ ಒಡೆಯುತ್ತದೆ. ಅದಕ್ಕೇ ಹಳ್ಳಿಗಳಲ್ಲಿ ನೀರಿನ ತೊಟ್ಟಿಗಳ ಸುತ್ತ ದಪ್ಪ ಕಲ್ಲಿನ ಗೋಡೆ ಕಟ್ಟುತ್ತಾರೆ. ಆನೆ ನೋಡಿ ಸಂತೋಷಪಟ್ಟು ಹೊರಡುವವರು ನಾವು, ಅದರೊಡನೆ ನೀರು ಹಂಚಿಕೊಳ್ಳುವವರು ಅವರು. ನಮ್ಮ ಹಣ ಅವರ ಮನೆಬಾಗಿಲಿಗೆ ಮುಟ್ಟಿದರೆ ಮಾತ್ರ ಈ ಸಫಾರಿಗೆ ಅರ್ಥವಿದೆ.