ಕಾಡುಕೋಳಿಯೂ ಮಾವನವರ ಬಿಲ್ಲೂ

ಖಾನಾಪುರದಲ್ಲಿ ನಮ್ಮ ಸೋದರಮಾವನವರ ಮನೆಯ ಪಡಸಾಲೆಯ ಗೋಡೆಗೆ ಬಡಿದ ಎರಡು ಗೂಟಗಳ ಮೇಲೆ ಬಿದಿರಿನ ಬಿಲ್ಲೊಂದು ಮಲಗಿದೆ. ಅದಕ್ಕೆ ಹೆದೆಯಿಲ್ಲ, ಪುಂಡಿನಾರಿನ ಹೆದೆಯನ್ನು ಇಲಿಗಳು ಎಂದೋ ಕಡಿದು ಹಾಕಿದವು. ಬಾಲ್ಯದಲ್ಲಿ ರಜೆಗೆಂದು ಬೆಳಗಾವಿಯಿಂದ ಅಲ್ಲಿಗೆ ಹೋದಾಗಲೆಲ್ಲ ಅದನ್ನು ಕೈಗೆತ್ತಿಕೊಳ್ಳಬೇಕೆಂದು ನಾವು ಹವಣಿಸುತ್ತಿದ್ದೆವು. ಮಿಕ್ಕೆಲ್ಲ ವಿಷಯಗಳಲ್ಲಿ ನಮ್ಮ ಹಟಕ್ಕೆ ಮಣಿಯುತ್ತಿದ್ದ ಮಾವನವರು ಇದೊಂದರಲ್ಲಿ ಮಾತ್ರ ಮಣಿಯಲಿಲ್ಲ, ಕಾರಣವನ್ನೂ ಹೇಳಲಿಲ್ಲ.

ಕಾರಣವು ತಿಳಿದದ್ದು ಹೋದ ಮಾಘಮಾಸದಲ್ಲಿ. ಅಮೇರಿಕೆಯಲ್ಲಿ ಕೆಲವು ವರ್ಷ ಇದ್ದು ಬಂದ ಪರಿಚಿತರೊಬ್ಬರು, ಅಲ್ಲಿ ವಸಂತಕಾಲದಲ್ಲಿ ಜನರು ಬಿಲ್ಲು ಹಿಡಿದು ಕಾಡು ಟರ್ಕಿಯನ್ನು ಬೇಟೆಯಾಡುವ ಬಗೆಯನ್ನು ನಮಗೆ ವರ್ಣಿಸಿದ್ದರು. ಅದನ್ನೇ ನಾವು ಮಾವನವರ ಮುಂದೆ ಹೇಳುತ್ತ ಕುಳಿತೆವು. ಟರ್ಕಿಯು ಈ ಸೀಮೆಗೆ ತೀರ ಅಪರಿಚಿತವಾದುದೇನೂ ಅಲ್ಲ. ಹುಟ್ಟೂರು ಅಮೇರಿಕೆಯಾದರೂ ಅದು ಪೋರ್ತುಗೀಜರ ಹಡಗುಗಳಲ್ಲಿ ನಮ್ಮ ನೆರೆಯ ಗೋವೆಗೆ ಬಂದಿಳಿದಿತ್ತು. 1612ರಲ್ಲಿ ಮುಕರ್ರಬ್ ಖಾನನು ಅಂಥದೊಂದನ್ನು ಗೋವೆಯಿಂದ ಒಯ್ದು ಜಹಾಂಗೀರ ಬಾದಶಹನಿಗೆ ಒಪ್ಪಿಸಲು, ಬಾದಶಹನು ಬೆರಗಾಗಿ ತನ್ನ ಚಿತ್ರಕಾರ ಮನ್ಸೂರನಿಂದ ಅದರ ಚಿತ್ರವನ್ನು ಬರೆಯಿಸಿದನು. ಆದರೆ ನಮ್ಮ ಕಾಡಿನಲ್ಲಿ ಟರ್ಕಿ ಇಲ್ಲ. ಇಲ್ಲಿ ಆ ಪಟ್ಟವು ಬೂದುಬಣ್ಣದ ಕಾಡುಕೋಳಿಗೇ ಸಲ್ಲಬೇಕು.

ಮಾವನವರು ಕೇಳಿ ನಕ್ಕರು. "ಬಂದೂಕಿನಾಂವಗ ಒಂದು ಬೆರಳು ಅಲುಗಿದ್ರ ಸಾಕು ತಮ್ಮಾ. ಬಿಲ್ಲಿನಾಂವಗ ಇಡೀ ತೋಳು ಅಲುಗಬೇಕು. ಆ ಹಕ್ಕಿ ನೋಡೂದು ಅದನ್ನ" ಎಂದರು.

ಇಡಿಯ ವಿದ್ಯೆಯ ಕಷ್ಟವು ಈ ಎರಡು ಮಾತಿನಲ್ಲಿದೆ. ಜಿಂಕೆ ಕಡವೆಗಳಿಗೆ ಮನುಷ್ಯನ ಸುಳಿವನ್ನು ಗಾಳಿಯು ಕೊಡುತ್ತದೆ. ಗಾಳಿಗೆದುರಾಗಿ ನಡೆದರೆ ಅರ್ಧ ಕೆಲಸವಾದಂತೆ. ಕೋಳಿಯ ಜಾತಿಯು ಮೂಗನ್ನು ನಂಬಿದ್ದಲ್ಲ. ತಲೆಯ ಎರಡು ಪಕ್ಕಗಳಲ್ಲಿರುವ ಅದರ ಕಣ್ಣುಗಳು ಮುಂದಿನದನ್ನೂ ಬದಿಯದನ್ನೂ ಹಿಂದಿನ ಬಹುಭಾಗವನ್ನೂ ಕಾಯುತ್ತವೆ. ಅಮೇರಿಕೆಯ ಬೇಟೆಗಾರರು ಟರ್ಕಿಯ ಗಂಡು ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ ಅತ್ತ ತಿರುಗಿ, ಆ ಬೀಸಣಿಗೆಯೇ ಅದರ ಕಣ್ಣಿಗೆ ಅಡ್ಡವಾದ ಕ್ಷಣದಲ್ಲಿ ಬಿಲ್ಲನ್ನು ಸೆಳೆಯುತ್ತಾರಂತೆ. ಇಲ್ಲವೆ ಗುಡಾರದಂಥ ಮರೆಯೊಳಗೆ ಕುಳಿತು ಸೆಳೆಯುತ್ತಾರಂತೆ. ನಮ್ಮ ಕಾಡುಕೋಳಿಯು ಅಂಥ ಬೀಸಣಿಗೆಯನ್ನು ಬಿಚ್ಚುವುದಿಲ್ಲ. ಅದು ನಮಗೆ ಕೊಡುವ ಅವಕಾಶವು ಒಂದೇ: ತರಗೆಲೆಯನ್ನು ಕೆದರುವಾಗ ಅದರ ತಲೆ ತಗ್ಗಿರುತ್ತದೆ, ಆ ಸಪ್ಪಳದಲ್ಲಿ ಅದರ ಕಿವಿಯೂ ತುಂಬಿರುತ್ತದೆ. ಅದು ಕೆದರಿದಾಗ ನಾವು ಹೆಜ್ಜೆಯಿಡಬೇಕು. ಅದು ನಿಂತಾಗ ಒಂಟಿ ಕಾಲಿನ ಮೇಲಾದರೂ ಸರಿ, ನಿಂತುಬಿಡಬೇಕು.

ಇಷ್ಟು ಹೇಳಿ ಮಾವನವರು ಬಹಳ ಹೊತ್ತು ಸುಮ್ಮನಿದ್ದರು. ಬಳಿಕ ತಾವಾಗಿಯೇ ಆ ಹಳೆಯ ಸಂಗತಿಯನ್ನು ತೆಗೆದರು. ಆಗ ಅವರಿಗೆ ಇಪ್ಪತ್ತರ ಪ್ರಾಯ. ಒಂದು ಮುಂಜಾವಿನಲ್ಲಿ ಹೊಲದಂಚಿನಲ್ಲಿ ಒಂದು ಹುಂಜಕ್ಕೆ ಬಾಣ ಬಿಟ್ಟರು. ಗುರಿ ತಪ್ಪಲಿಲ್ಲ, ಸರಿಯಾಗಿ ತಾಗಲೂ ಇಲ್ಲ. ನಟ್ಟ ಬಾಣದೊಡನೆಯೇ ಹಕ್ಕಿಯು ಓಡಿ ಬಿದಿರುಮೆಳೆಯೊಳಗೆ ನುಗ್ಗಿತು. ಆ ದಿನ ಮಧ್ಯಾಹ್ನದವರೆಗೂ, ಮರುದಿನ ಮತ್ತೆಯೂ ಹುಡುಕಿದರು. ಮೂರನೆಯ ದಿನ ಮುರಿದ ಬಾಣವೊಂದು ಸಿಕ್ಕಿತು.

"ಸಿಕ್ಕಿದ್ರ ಉಂಡು ಮರೀತಿದ್ದೆ" ಎಂದರು ಮಾವನವರು. "ಸಿಗಲಿಲ್ಲ ನೋಡು, ಅದಕ್ಕ ಮರೀಲಿಲ್ಲ."

ಅಂದೇ ಬಿಲ್ಲು ಗೂಟವೇರಿತು. ಅದನ್ನು ಏರಿಸಲು ಸರಕಾರವು ಹೇಳಬೇಕಾಗಲಿಲ್ಲ. ವನ್ಯಜೀವಿ ಸಂರಕ್ಷಣೆಯ ಕಾಯಿದೆಯು ಬಂದದ್ದು ಆಮೇಲೆ, 1972ರಲ್ಲಿ. 1991ರ ತಿದ್ದುಪಡಿಯಿಂದ ಬೇಟೆಗೆ ಪರವಾನಗಿ ಕೊಡುವ ಪದ್ಧತಿಯೂ ಹೋಯಿತು. ಈಗ ಕಾಡುಕೋಳಿಯನ್ನು ಹೊಡೆಯುವುದಷ್ಟೇ ಅಲ್ಲ, ಉರುಲೊಡ್ಡುವುದೂ ಮೊಟ್ಟೆಗೆ ಕೈಯಿಕ್ಕುವುದೂ ಅಪರಾಧವೇ. ಖಾನಾಪುರ ತಾಲೂಕಿನ ಭೀಮಗಡದ ಕಾಡು 2010ರಲ್ಲಿ ಅಭಯಾರಣ್ಯವಾಯಿತು. ಅಪ್ಪಣೆಯಿಲ್ಲದೆ ಅದರೊಳಗೆ ಆಯುಧವನ್ನು ಒಯ್ಯುವಂತೆಯೂ ಇಲ್ಲ. ನ್ಯಾಯವೇ ಸರಿ. ನಮ್ಮ ಮನೆಕೋಳಿಯ ಮೂಲವು ಕೆಂಪು ಕಾಡುಕೋಳಿಯೆಂದು ಬಲ್ಲವರು ಹೇಳುತ್ತಾರಾದರೂ, ಅದರ ಹಳದಿ ಚರ್ಮದ ಗುಣವು ಈ ಬೂದು ಕಾಡುಕೋಳಿಯಿಂದಲೇ ಬಂದುದೆಂದು 2008ರಲ್ಲಿ ಶಾಸ್ತ್ರಜ್ಞರು ಕಂಡುಹಿಡಿದರು. ಮನೆಯ ಹಿತ್ತಲಿನ ನೆಂಟ ಅದು.

ಮಾವನವರ ಕಣ್ಣು ಈಗ ಮಂದವಾಗಿದೆ. "ನೀ ಹೋಗು. ಬಿಲ್ಲು ಬ್ಯಾಡ. ಇಪ್ಪತ್ತೈದು ಹೆಜ್ಜಿ ಒಳಗ ಹೋಗಿ ಹಕ್ಕಿ ನೋಡಿ ಬಾ" ಎಂದರು. ಬಾಣದ ಅಳತೆಯೆಂದರೆ ಅವರಿಗೆ ಅಷ್ಟು.

ಖಾನಾಪುರದಿಂದ ಪಡುವಣಕ್ಕೆ, ಜಾಂಬೋಟಿಯ ಕಡೆಗೆ ಸಾಗಿದಂತೆ ಬಯಲು ಮುಗಿದು ಕಾಡು ಮೊದಲಾಗುತ್ತದೆ. ಅಲ್ಲಿ ಅಭಯಾರಣ್ಯದ ಹೊರಗೆ ಪರಿಚಿತರೊಬ್ಬರ ಗದ್ದೆಯಿದೆ. ಭತ್ತದ ಕೊಯ್ಲಾಗಿ ಕೂಳೆ ಉಳಿದಿತ್ತು. ಅಂಚಿನಲ್ಲಿ ಮತ್ತಿ, ನಂದಿ, ಹೊನ್ನೆಯ ಮರಗಳು ಎಲೆ ಉದುರಿಸಿದ್ದವು. ಆ ಒಣಗಿದ ಎಲೆಗಳೇ ನಮ್ಮ ವೈರಿಗಳು. ಮೊದಲನೆಯ ದಿನ ಹುಂಜದ ಕೂಗನ್ನು ಮಾತ್ರ ಕೇಳಿದೆವು. ಮನೆಯ ಹುಂಜದ ಉದ್ದನೆಯ ಕೂಗಲ್ಲ ಅದು, ತುಂಡುತುಂಡಾದ ಒಡಕು ದನಿ. ಎರಡನೆಯ ದಿನ ನಲವತ್ತು ಹೆಜ್ಜೆಯಲ್ಲಿರುವಾಗಲೇ ನಮಗೆ ಕೆಮ್ಮು ಬಂದಿತು. ಊರಲ್ಲಿ ವಾರಕ್ಕೊಮ್ಮೆಯೂ ಬಾರದ ಕೆಮ್ಮು ಅಲ್ಲಿಗೇ ಏಕೆ ಬರಬೇಕೋ, ದೇವರೇ ಬಲ್ಲ.

ಮೂರನೆಯ ಮುಂಜಾನೆ ಜೋಡುಗಳನ್ನು ಕಳಚಿಟ್ಟು ಹೊರಟೆವು. ಮರಗಳ ಮರೆಯಿಂದ ಹುಂಜವೊಂದು ಎರಡು ಹ್ಯಾಟೆಗಳೊಡನೆ ಕೂಳೆಯ ಅಂಚಿಗೆ ಬಂದಿತು. ಅದು ಕೆದರಿದರೆ ನಾವು ಒಂದು ಹೆಜ್ಜೆ. ಅದು ಕತ್ತೆತ್ತಿದರೆ ನಾವು ಕಲ್ಲು. ಐವತ್ತು ಹೆಜ್ಜೆಗಳಿದ್ದ ದೂರವನ್ನು ಅರ್ಧಕ್ಕಿಳಿಸಲು ಮುಕ್ಕಾಲು ಗಂಟೆಯ ಮೇಲೆಯೇ ಹಿಡಿಯಿತು. ಮಂಡಿಗಳು ನಡುಗುತ್ತಿದ್ದವು, ಕಾಲಮೇಲೆ ಇರುವೆ ಹರಿದರೂ ಕೊಡವುವಂತಿರಲಿಲ್ಲ. ಕೊನೆಗೆ ನಂದಿಮರದ ಬುಡಕ್ಕೆ ಒರಗಿ ನಿಂತು ನೋಡಿದೆವು. ಎಳೆಬಿಸಿಲಿನಲ್ಲಿ ಅದರ ಕುತ್ತಿಗೆಯ ಪ್ರತಿಯೊಂದು ಗರಿಯ ಮೇಲೂ ಮೇಣದ ಹನಿಯನ್ನು ಇಟ್ಟಂತೆ ಹೊಂಬಣ್ಣದ ಚುಕ್ಕೆ; ಬಾಲದ ಕರಿಯಲ್ಲಿ ನೀಲಿಯ ಮಿಂಚು; ಕಾಲುಗಳೆರಡೂ ಕೆಂಪು. ಬೇಟೆಯ ಆಸೆಯೆಂದರೆ ಏನೆಂಬುದು ನಮಗೆ ಆಗ ಮೊದಲ ಸಲ ತಿಳಿಯಿತು. ವಾಚಕರು ನಗಬಾರದು: ಬರಿಗೈಯಲ್ಲಿದ್ದ ನಾವು ಎಡದ ಕೈಯನ್ನು ಮುಂದೆ ಚಾಚಿ ಬಲದ ಕೈಯನ್ನು ಹೆದೆ ಸೆಳೆಯುವವರಂತೆ ಮೆಲ್ಲನೆ ಹಿಂದಕ್ಕೆ ತಂದೆವು. ಕೈಯಿನ್ನೂ ಎದೆಯನ್ನು ಮುಟ್ಟಿರಲಿಲ್ಲ, ಅಷ್ಟರಲ್ಲಿ ಹುಂಜವು ಕೊಕ್ಕರಿಸಿ ಪೊದೆಯೊಳಗೆ ಮಾಯವಾಯಿತು. ಹ್ಯಾಟೆಗಳು ಯಾವಾಗ ಹೋದವೋ ನಾವು ಕಾಣಲೂ ಇಲ್ಲ. ಅದು ನಿಂತಿದ್ದೆಡೆಗೆ ಹೆಜ್ಜೆಯಿಂದ ಅಳೆದೆವು: ಇಪ್ಪತ್ತೆರಡು.

ಮಾವನವರಿಗೆ ಎಲ್ಲವನ್ನೂ ಹೇಳಿದೆವು. ಬರಿಗೈಯ ಸಂಗತಿಯನ್ನು ಮುಚ್ಚಿಡಬೇಕೆಂದಿದ್ದೆವು, ಆಗಲಿಲ್ಲ. ಅವರು ನಗಲಿಲ್ಲ.

"ಕೈ ಎಲ್ಲಿತನಕ ಬಂದಿತ್ತು?" ಎಂದು ಕೇಳಿದರು. ತೋರಿಸಿದೆವು.

"ನಂದು ಗಲ್ಲದತನಕ ಬಂದಿತ್ತು" ಎಂದರು.

ಸ್ವಲ್ಪ ಹೊತ್ತಿನ ಮೇಲೆ ಎದ್ದು, ಗೋಡೆಯನ್ನು ತಡವರಿಸುತ್ತ ಹೋಗಿ ಬಿಲ್ಲನ್ನಿಳಿಸಿ ನಮ್ಮ ಕೈಯಲ್ಲಿಟ್ಟರು. ತಮಗೆ ಕಾಣುವುದಿಲ್ಲ, ಬಿದಿರಿಗೆ ಹುಳ ಬಿದ್ದಿದೆಯೋ ನೋಡು ಎಂದರು. ಎರಡು ಕಡೆ ಬಿದ್ದಿತ್ತು.