ಕಾರ್ಡಿನಲ್ಲಿ ಇಲ್ಲದ ನಾಲ್ಕನೇ ಚೌಕ

ಪತ್ರಿಕೋದ್ಯಮ ಓದಿ ಹೊರಬಿದ್ದವರಿಗೆ ಪತ್ರಿಕೆಯಲ್ಲಿ ಕೆಲಸ ಸಿಗುವ ಮೊದಲು ಸರ್ವೆ ಕೆಲಸ ಸಿಗುತ್ತದೆ. ನಮ್ಮ ಬ್ಯಾಚಿನ ಅರ್ಧ ಮಂದಿ ಒಂದಲ್ಲ ಒಂದು ಸರ್ವೆ ಮಾಡಿದ್ದೇವೆ. ನನ್ನ ಪಾಲಿಗೆ ಬಂದದ್ದು ಪ್ರಯಾಣದ ಸರ್ವೆ. ಹಾವೇರಿ ಜಿಲ್ಲೆಯ ಕೆಲವು ಹಳ್ಳಿಗಳ ಬಸ್ ಸ್ಟ್ಯಾಂಡಿನಲ್ಲಿ ನಿಂತು ಜನರನ್ನು ಮಾತಾಡಿಸಬೇಕು. ಸರ್ಕಾರಿ ಬಸ್ಸು, ಟಂಟಂ, ಮುಂದೆ ಬರಬಹುದಾದ ಎಲೆಕ್ಟ್ರಿಕ್ ಆಟೊ, ಈ ಮೂರರಲ್ಲಿ ಯಾವುದನ್ನು ಹತ್ತುತ್ತೀರಿ ಎಂದು ಕೇಳಿ ಬರೆದುಕೊಳ್ಳಬೇಕು.

ಕೈಗೆ ಒಂದು ಕಟ್ಟು ಕಾರ್ಡು ಕೊಟ್ಟಿದ್ದರು. ಒಂದೊಂದರಲ್ಲೂ ಮೂರು ಚೌಕ. ಬಸ್ಸಿಗೆ ಇಷ್ಟು ದರ, ಇಷ್ಟು ಹೊತ್ತು ಕಾಯಬೇಕು, ಟಂಟಂಗೆ ಇಷ್ಟು, ಎಲೆಕ್ಟ್ರಿಕ್ ಆಟೊಗೆ ಇಷ್ಟು. ಕಾರ್ಡು ಬದಲಾದ ಹಾಗೆ ದರವೂ ಸಮಯವೂ ಬದಲಾಗುತ್ತವೆ. ಎಲ್ಲರ ಉತ್ತರ ಸೇರಿಸಿ ನೋಡಿದರೆ, ಕಾಯುವುದು ಹತ್ತು ನಿಮಿಷ ಕಡಿಮೆಯಾದರೆ ಜನ ಎಷ್ಟು ರೂಪಾಯಿ ಹೆಚ್ಚು ಕೊಡುತ್ತಾರೆ ಎಂದು ಲೆಕ್ಕ ತೆಗೆಯಬಹುದು. ಇನ್ನೂ ರಸ್ತೆಗೆ ಬಾರದ ವಾಹನಕ್ಕೆ ಎಷ್ಟು ಜನ ಬಂದಾರು ಎಂದು ಅಂದಾಜಿಸುವುದು ಹೀಗೆ.

ಇದು ಬರೀ ಕಾಗದದ ಆಟ ಅಂದುಕೊಳ್ಳಬೇಡಿ. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೊ ಕಡೆ ಬಾರ್ಟ್ ಎಂಬ ರೈಲು 1972ರಲ್ಲಿ ಶುರುವಾಯಿತು. ಕೆಲಸಕ್ಕೆ ಹೋಗಿಬರುವವರಲ್ಲಿ ಶೇ 15ರಷ್ಟು ಮಂದಿ ಅದಕ್ಕೆ ಬರುತ್ತಾರೆ ಎಂಬುದು ಅಧಿಕೃತ ಅಂದಾಜು. ಅರ್ಥಶಾಸ್ತ್ರಜ್ಞ ಡೇನಿಯಲ್ ಮ್ಯಾಕ್‌ಫ್ಯಾಡನ್ ಅವರ ತಂಡ, ರೈಲು ಬರುವ ಮೊದಲೇ ಒಬ್ಬೊಬ್ಬರ ಓಡಾಟದ ವಿವರ ಕಲೆಹಾಕಿ ಶೇ 6.3 ಎಂದಿತು. ರೈಲು ಓಡಿದ ಮೇಲೆ ಸಿಕ್ಕ ಲೆಕ್ಕ ಶೇ 6.2. ಆಯ್ಕೆಯನ್ನು ಹೀಗೆ ಲೆಕ್ಕಕ್ಕೆ ತಂದ ಕೆಲಸಕ್ಕಾಗಿಯೇ ಅವರಿಗೆ 2000ದಲ್ಲಿ ನೊಬೆಲ್ ಬಂತು.

ಆದರೆ ಚೌಕಗಳನ್ನು ಹೇಗೆ ಬರೆಯುತ್ತೇವೆ ಎನ್ನುವುದರ ಮೇಲೆ ಉತ್ತರ ನಿಂತಿದೆ. ಇದಕ್ಕೆ ಈ ವಿದ್ಯೆಯವರೇ ಹೇಳುವ ಒಂದು ಉದಾಹರಣೆ ಇದೆ. ಒಂದೂರಿನಲ್ಲಿ ಅರ್ಧ ಜನ ಕಾರಿನಲ್ಲಿ, ಅರ್ಧ ಜನ ಕೆಂಪು ಬಸ್ಸಿನಲ್ಲಿ ಹೋಗುತ್ತಾರೆ. ಅರ್ಧ ಬಸ್ಸುಗಳಿಗೆ ನೀಲಿ ಬಣ್ಣ ಬಳಿದರೆ ಏನಾಗುತ್ತದೆ? ಕಾರಿನವರು ಕಾರಿನಲ್ಲೇ ಇರುತ್ತಾರೆ, ಬಸ್ಸಿನವರು ಎರಡು ಬಣ್ಣಕ್ಕೆ ಹಂಚಿಹೋಗುತ್ತಾರೆ. ಹಳೆಯ ಸರಳ ಸೂತ್ರ ಮಾತ್ರ ಮೂರಕ್ಕೂ ಸಮ ಪಾಲು ಕೊಟ್ಟು, ಕಾರಿನ ಪಾಲನ್ನು ಮೂರನೇ ಒಂದಕ್ಕೆ ಇಳಿಸಿಬಿಡುತ್ತದೆ. ಬಣ್ಣ ಬದಲಾದ ಮಾತ್ರಕ್ಕೆ ಹೊಸ ಆಯ್ಕೆ ಹುಟ್ಟುವುದಿಲ್ಲ ಎಂದು ಸೂತ್ರಕ್ಕೆ ಗೊತ್ತಿಲ್ಲ. ಅದನ್ನು ತಿದ್ದಲು ಬೇರೆ ಸೂತ್ರಗಳು ಬಂದವು.

ನಮ್ಮ ಕಾರ್ಡಿನ ತೊಡಕು ಇನ್ನೊಂದು ಬಗೆಯದು. ಬ್ಯಾಡಗಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಿದ್ದ ಒಬ್ಬ ಹಿರಿಯ ಹೆಂಗಸಿಗೆ ಕಾರ್ಡು ತೋರಿಸಿದೆ. ಅವರು ಓದಿಸಿಕೊಂಡು ಕೇಳಿ, ನಕ್ಕರು.

"ಬಸ್ ಬಂದ್ರ ಬಸ್ಸಿಗೆ, ಬರಲಿಲ್ಲಂದ್ರ ಟಂಟಂಗೆ. ಅದೂ ತುಂಬಿ ಹೋತಂದ್ರ ಮನಿಗೆ. ಇದರಾಗ ಆರಿಸೂದು ಏನೈತಿ ತಮ್ಮಾ?"

"ಯವ್ವಾ, ಬಸ್ಸು ನಿಮಗ ಪುಕ್ಕಟೆ ಐತಲ್ರಿ?" ಅಂದೆ.

"ಪುಕ್ಕಟೆ ಐತಿ ಖರೆ. ಬರಬೇಕಲ್ಲ?"

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾದ ಮೇಲೆ ಹೆಣ್ಣುಮಕ್ಕಳ ಕಾರ್ಡಿನಲ್ಲಿ ಬಸ್ಸಿನ ದರ ಸೊನ್ನೆ. ಅದರಿಂದ ಆದ ಉಪಕಾರ ಸಣ್ಣದಲ್ಲ. ತವರಿಗೆ, ಆಸ್ಪತ್ರೆಗೆ, ಸಂತೆಗೆ ಗಂಡನ ಕೈ ನೋಡದೆ ಹೋಗುವಂತಾಗಿದೆ. ಆದರೆ ಬಾರದ ಬಸ್ಸಿಗೆ ಕಾದು ತಪ್ಪಿದ ಅರ್ಧ ದಿನದ ಕೂಲಿಯೂ ಒಂದು ದರವೇ. ಅದೇ ಮನೆಯ ಗಂಡಸು ಬೈಕ್ ಕಿಕ್ ಹೊಡೆದು ಹೊರಟಿರುತ್ತಾನೆ. ಒಂದೇ ಮನೆ, ಆದರೆ ಇಬ್ಬರ ಮುಂದಿರುವ ಚೌಕಗಳು ಬೇರೆ ಬೇರೆ.

ಇಂಥ ಕಾರ್ಡುಗಳಲ್ಲಿ 'ಯಾವುದೂ ಬೇಡ' ಎಂಬ ಚೌಕ ಇಡುವ ಪದ್ಧತಿಯೂ ಇದೆ. ನಮ್ಮದರಲ್ಲಿ ಇರಲಿಲ್ಲ. ಸೇರಿಸಬಹುದಾ ಎಂದು ಮೇಲ್ವಿಚಾರಕರನ್ನು ಕೇಳಿದೆ. ಕಾರ್ಡು ಪ್ರಿಂಟ್ ಆಗಿದೆ, ಷರಾ ಕಾಲಂನಲ್ಲಿ ಬರೆಯಿರಿ ಅಂದರು. ಬರೆದೆ. ಷರಾ ಕಾಲಂ ಯಾವ ಸೂತ್ರದೊಳಗೂ ಹೋಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಆ ಚೌಕ ಇದ್ದಿದ್ದರೂ ಇನ್ನೊಂದು ಗುಂಪು ಹೊರಗೇ ಉಳಿಯುತ್ತಿತ್ತು. ನಾನು ಊಟಕ್ಕೆ ಹೋಗುತ್ತಿದ್ದ ಮನೆಯ ಹುಡುಗಿ ಪಿಯುಸಿ ಮುಗಿಸಿ ಮನೆಯಲ್ಲಿದ್ದಳು. ಡಿಗ್ರಿ ಕಾಲೇಜಿನ ಕೊನೆಯ ಪೀರಿಯಡ್ ಮುಗಿಯುವ ಮೊದಲೇ ಊರಿನ ಬಸ್ಸು ಹೊರಟುಬಿಡುತ್ತದೆ. ಟಂಟಂನಲ್ಲಿ ಕತ್ತಲಾದ ಮೇಲೆ ಬರುವುದು ಬೇಡ ಎಂದು ಮನೆಯವರು ಹೇಳಿದರು. ಅವಳು ಬಸ್ ಸ್ಟ್ಯಾಂಡಿಗೆ ಬರುವುದೇ ಇಲ್ಲ. ನಾನು ಸರ್ವೆ ಮಾಡುತ್ತಿದ್ದದ್ದು ಬಸ್ ಸ್ಟ್ಯಾಂಡಿನಲ್ಲಿ. ಹೀಗಾಗಿ ಅವಳು ನನ್ನ ಯಾವ ಹಾಳೆಯಲ್ಲೂ ಇಲ್ಲ.

ಇದು ಅವಳೊಬ್ಬಳ ಮಾತಲ್ಲ. ಇಂಥ ಹಾಳೆಗಳಿಂದಲೇ ಬೇಡಿಕೆ ಎಷ್ಟಿದೆ ಎಂದು ತೀರ್ಮಾನವಾಗುತ್ತದೆ. ಸಂಜೆ ಬಸ್ಸಿಲ್ಲದ ಊರಿನಲ್ಲಿ ಸಂಜೆ ಓಡಾಡುವವರು ಕಡಿಮೆ. ಓಡಾಡುವವರು ಕಡಿಮೆ ಎಂದು ಸಂಜೆ ಬಸ್ಸಿಲ್ಲ. ಎಲೆಕ್ಟ್ರಿಕ್ ಆಟೊ ಬಂದರೂ ಇದೇ ಲೆಕ್ಕ ಹಿಡಿದು ಹಗಲು ಹೊತ್ತಿನಲ್ಲಿ, ಈಗಾಗಲೇ ಟಂಟಂ ಓಡುವ ರಸ್ತೆಯಲ್ಲೇ ಓಡುತ್ತದೆ.

ಗೆಳೆಯರೇ, ನಿಮ್ಮ ತಾಲ್ಲೂಕಿನಲ್ಲಿ 'ಈ ಮಾರ್ಗಕ್ಕೆ ಬೇಡಿಕೆ ಇಲ್ಲ' ಎಂದು ಅಧಿಕಾರಿಗಳು ಹೇಳಿದರೆ ಅದನ್ನು ಹಾಗೇ ಸುದ್ದಿ ಮಾಡಬೇಡಿ. ಯಾರನ್ನು ಕೇಳಿದಿರಿ, ಎಲ್ಲಿ ನಿಂತು ಕೇಳಿದಿರಿ, ಎಷ್ಟು ಗಂಟೆಗೆ ಕೇಳಿದಿರಿ ಎಂದು ವಿಚಾರಿಸಿ. ಆಮೇಲೆ ಆ ಊರಿಗೆ ಹೋಗಿ ನಾಲ್ಕು ಮನೆಯ ಕಟ್ಟೆಯ ಮೇಲೆ ಕೂತು, ಕಾಲೇಜು ಬಿಟ್ಟವರು ಎಷ್ಟು ಜನ ಇದ್ದಾರೆ ಎಂದು ಎಣಿಸಿ ಬನ್ನಿ.